ಯಾವ ನೋವಿಗೆ ಯಾವ ಬಾಗಿಲು?

2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ, ‘ಆರೋಗ್ಯ ಕವಚ’ ಹೆಸರಿನ 108 ಆಂಬುಲೆನ್ಸ್‌ಗಳು ಕರ್ನಾಟಕದ ರಸ್ತೆಗಿಳಿದವು. ಅಲ್ಲಿಯವರೆಗೆ ಹಳ್ಳಿಯಲ್ಲಿ ನಡುರಾತ್ರಿ ಹೆರಿಗೆ ನೋವು ಕಾಣಿಸಿಕೊಂಡರೆ ಊರಲ್ಲಿ ಯಾರ ಬಳಿ ಜೀಪಿದೆ, ಯಾರ ಟ್ರ್ಯಾಕ್ಟರಿನಲ್ಲಿ ಡೀಸೆಲ್ ಇದೆ ಎಂದು ಹುಡುಕಿಕೊಂಡು ಹೋಗಬೇಕಿತ್ತು. ಗಾಡಿ ಸಿಕ್ಕರೂ ಬಾಡಿಗೆ ಹೊಂದಿಸುವಷ್ಟರಲ್ಲಿ ಬೆಳಗಾಗುತ್ತಿತ್ತು. ಆಂಧ್ರಪ್ರದೇಶದಲ್ಲಿ 2005ರ ಆಗಸ್ಟ್ 15ರಂದು ಶುರುವಾಗಿದ್ದ ಈ ಸೇವೆ ಮೂರೇ ವರ್ಷಗಳಲ್ಲಿ ನಮ್ಮಲ್ಲಿಗೂ ಬಂದಿದ್ದು ಬಡವರ ಪಾಲಿಗೆ ದೊಡ್ಡ ಆಸರೆಯಾಯಿತು. ಒಂದು ಕರೆ, ಒಂದು ಪೈಸೆ ಖರ್ಚಿಲ್ಲ, ಜೊತೆಗೆ ಆಮ್ಲಜನಕ ಕೊಡಬಲ್ಲ, ರಕ್ತ ನಿಲ್ಲಿಸಬಲ್ಲ, ದಾರಿಯಲ್ಲೇ ಹೆರಿಗೆ ಮಾಡಿಸಬಲ್ಲ ಸಿಬ್ಬಂದಿ.

ಆಮೇಲಿನ ವರ್ಷಗಳಲ್ಲಿ ಬಾಗಿಲುಗಳು ಒಂದೊಂದಾಗಿ ತೆರೆದವು. 2013ರಲ್ಲಿ ಫೋನಿನಲ್ಲೇ ವೈದ್ಯಕೀಯ ಸಲಹೆ ಕೊಡುವ 104 ಆರೋಗ್ಯವಾಣಿ ಬಂತು. 2015ರಲ್ಲಿ ಬೆಂಗಳೂರಿನ ವಾಹನ ದಟ್ಟಣೆಯಲ್ಲಿ ನುಗ್ಗಿ ಹೋಗಲು ಬೈಕ್ ಆಂಬುಲೆನ್ಸ್‌ಗಳು ಬಂದವು. 2018ರಲ್ಲಿ ‘ಆರೋಗ್ಯ ಕರ್ನಾಟಕ’, 2020ರಲ್ಲಿ ವಿಡಿಯೊ ಕರೆಯಲ್ಲೇ ವೈದ್ಯರನ್ನು ಕಾಣುವ ಇ-ಸಂಜೀವಿನಿ, 2022ರಲ್ಲಿ ಮಾನಸಿಕ ಸಂಕಟಕ್ಕಾಗಿ 14416 ಸಂಖ್ಯೆಯ ಟೆಲಿ-ಮಾನಸ್, ಅದೇ ವರ್ಷದ ಡಿಸೆಂಬರ್‌ನಲ್ಲಿ ನಗರದ ಬಡಾವಣೆಗಳಿಗೆ ‘ನಮ್ಮ ಕ್ಲಿನಿಕ್’, 2023ರಲ್ಲಿ ಹೃದಯಾಘಾತಕ್ಕೆ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’. ಪಕ್ಷಗಳು ಬದಲಾದವು, ಸರ್ಕಾರಗಳು ಬದಲಾದವು, ಆದರೂ ಈ ಸಾಲು ನಿಲ್ಲಲಿಲ್ಲ. ಇದನ್ನು ಮೆಚ್ಚಲೇಬೇಕು.

ಆದರೆ ಇವತ್ತಿಗೂ ಬೆಳಗಿನ ಹೊತ್ತು ಯಾವುದೇ ಜಿಲ್ಲೆಯ ದೊಡ್ಡಾಸ್ಪತ್ರೆಯ ಚೀಟಿ ಕೌಂಟರಿನ ಮುಂದೆ ನಿಂತರೆ ಕಾಣುವುದೇನು? ನೆಗಡಿ, ಮೈಕೈ ನೋವು, ಕಜ್ಜಿ, ಬಿ.ಪಿ. ಮಾತ್ರೆ ಮುಗಿದವರು, ಡ್ರೆಸ್ಸಿಂಗ್ ಬದಲಿಸಬೇಕಾದವರು. ಅದೇ ಹೊತ್ತಿಗೆ ಎಲ್ಲೋ ಒಂದು ಮನೆಯಲ್ಲಿ ಐವತ್ತರ ಗಂಡಸೊಬ್ಬ ಎದೆ ಹಿಡಿದುಕೊಂಡು ‘ಗ್ಯಾಸ್ಟ್ರಿಕ್ಕು ಕಣೇ, ಒಂದು ಸೋಡಾ ತರಿಸು’ ಎನ್ನುತ್ತಿರುತ್ತಾನೆ. ಸಣ್ಣ ಕಾಯಿಲೆ ನಲವತ್ತು ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ ಸಾಲಿನಲ್ಲಿ ನಿಲ್ಲುತ್ತದೆ, ಜೀವ ತೆಗೆಯುವ ಕಾಯಿಲೆ ಮನೆಯಲ್ಲೇ ಹೊತ್ತು ಕಳೆಯುತ್ತದೆ. ಇವೆರಡನ್ನೂ ಜನರ ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ನಮಗೆ ಕಾಣುವ ಕಾರಣ ಬೇರೆ. ‘ಇದು ಸಣ್ಣದೋ ದೊಡ್ಡದೋ, ಎಲ್ಲಿಗೆ ಹೋಗಲಿ?’ ಎಂದು ಕೇಳಲು ಮನೆಯ ಹತ್ತಿರ ನಂಬಿಕೆಯ ಜಾಗವೊಂದಿಲ್ಲ. ಅಂಥ ಜಾಗ ಇಲ್ಲದಿರುವುದರಿಂದಲೇ ಎರಡೂ ತಪ್ಪುಗಳು ಹುಟ್ಟುತ್ತಿವೆ.

ಗಳಿಸಿದ್ದು

ಮೊದಲು ಗಳಿಕೆಯ ಲೆಕ್ಕ. 108ರ ವಾಹನಗಳ ಸಂಖ್ಯೆ 711ಕ್ಕೆ ಏರಿತು. ಹೆರಿಗೆಗೆ ಆಸ್ಪತ್ರೆಗೆ ಹೋಗುವುದು ಹಳ್ಳಿಗಳಲ್ಲೂ ರೂಢಿಯಾಯಿತು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಸರ್ಕಾರಿ ಆಸ್ಪತ್ರೆಯ ಹೆರಿಗೆಯನ್ನು ಪೂರ್ತಿ ಉಚಿತ ಮಾಡಿತು. ಬಾಣಂತಿ, ಕೂಸನ್ನು ಮನೆ ಮುಟ್ಟಿಸಲು ‘ನಗು-ಮಗು’ ವಾಹನ ಬಂತು. ಈ ಬದಲಾವಣೆಯ ಹಿಂದೆ ಆಶಾ ಕಾರ್ಯಕರ್ತೆಯರಿದ್ದಾರೆ. ಗರ್ಭಿಣಿಯ ಹೆಸರು, ತಿಂಗಳು, ರಕ್ತಹೀನತೆ, ಗಂಡನ ಮನೆಯ ವಿಳಾಸ, ಎಲ್ಲವೂ ಆಶಾ ಕಾರ್ಯಕರ್ತೆಯ ಡೈರಿಯಲ್ಲಿರುತ್ತದೆ. ಯಾವಾಗ ಎಲ್ಲಿಗೆ ಹೋಗಬೇಕೆಂದು ಹೇಳುವವಳು ಬೀದಿಯಲ್ಲೇ ಇದ್ದಾಳೆ, ಆಕೆ ಹೇಳಿದ ಜಾಗದಲ್ಲಿ ಸೇವೆಯೂ ಸಿಗುತ್ತದೆ. ಹೆರಿಗೆಯ ವಿಷಯದಲ್ಲಿ ಜನ ಸರಿಯಾದ ಆಯ್ಕೆ ಮಾಡುತ್ತಿರುವುದಕ್ಕೆ ಇವೆರಡೇ ಕಾರಣ. ಉಳಿದ ಕಾಯಿಲೆಗಳಲ್ಲಿ ನಾವು ಸೋತಿರುವುದೇಕೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ.

ಅಪಘಾತದ ಗಾಯಾಳುಗಳ ವಿಷಯದಲ್ಲಿ ಕಾನೂನು ದೂರ ಸಾಗಿದೆ. ಯಾವ ವೈದ್ಯರೂ ತುರ್ತು ಚಿಕಿತ್ಸೆ ನಿರಾಕರಿಸುವಂತಿಲ್ಲ, ಪೊಲೀಸ್ ಕೇಸೆಂದು ಕಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಪರಮಾನಂದ ಕಟಾರಾ ಪ್ರಕರಣದಲ್ಲಿ 1989ರಲ್ಲೇ ಹೇಳಿತ್ತು. ಆದರೂ ರಸ್ತೆಯಲ್ಲಿ ಬಿದ್ದವರನ್ನು ಮುಟ್ಟಲು ಜನ ಹೆದರುತ್ತಿದ್ದರು. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕು ದೇಹ ತುಂಡಾಗಿದ್ದ ತರುಣ ಹರೀಶ್, ಪ್ರಾಣ ಹೋಗುವ ಮುನ್ನ ತನ್ನ ಅಂಗಗಳನ್ನು ದಾನ ಮಾಡಿ ಎಂದು ಕೇಳಿಕೊಂಡದ್ದನ್ನು ನಾಡು ಮರೆತಿಲ್ಲ. ಆತನ ಹೆಸರಿನ ‘ಸಾಂತ್ವನ ಹರೀಶ್’ ಯೋಜನೆ ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗಿನ ಚಿಕಿತ್ಸೆಯನ್ನು ಉಚಿತ ಮಾಡಿತು. ಅದೇ ವರ್ಷ ರಾಜ್ಯ ಶಾಸಕಾಂಗ ಅಂಗೀಕರಿಸಿದ ಜೀವರಕ್ಷಕರ ಕಾಯ್ದೆ, ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನು ಪೊಲೀಸರು, ಕೋರ್ಟು ಅಲೆಸದಂತೆ ರಕ್ಷಣೆ ಕೊಟ್ಟಿತು. ಇಷ್ಟಾದರೂ ಎಷ್ಟು ಜನಕ್ಕೆ ಇದು ಗೊತ್ತು? ಇವತ್ತಿಗೂ ಅಪಘಾತದ ಸುತ್ತ ಸೇರುವ ಗುಂಪಿನಲ್ಲಿ ‘ನಮಗ್ಯಾಕೆ ಉಸಾಬರಿ’ ಎಂಬ ಮಾತು ಕೇಳಿಬರುತ್ತದೆ. ಕಾನೂನನ್ನು ಮನೆಮನೆಗೆ ಮುಟ್ಟಿಸುವ ಕೆಲಸ ಅರ್ಧಕ್ಕೇ ನಿಂತಿದೆ.

ಹೃದಯಾಘಾತದ ಬಗ್ಗೆ ನಾಡು ಎಚ್ಚೆತ್ತಿದ್ದು 2021ರ ಅಕ್ಟೋಬರ್ 29ರಂದು. 46ರ ಪ್ರಾಯದ ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಸುದ್ದಿಯ ನಂತರ ಇ.ಸಿ.ಜಿ. ಮಾಡಿಸಿಕೊಳ್ಳಲು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ಯುವಕರು ಮುಗಿಬಿದ್ದರು. ಆ ಭಯವನ್ನು ವ್ಯವಸ್ಥೆಯಾಗಿ ಮಾರ್ಪಡಿಸಿದ್ದು ‘ಹೃದಯ ಜ್ಯೋತಿ’. ತಾಲ್ಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದು ಜಯದೇವದಂಥ ದೊಡ್ಡ ಕೇಂದ್ರದ ತಜ್ಞರಿಗೆ ಕಳಿಸುತ್ತಾರೆ. ಹೃದಯಾಘಾತವೆಂದು ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಟ್ಟು, ನಂತರ ಮುಂದಕ್ಕೆ ಸಾಗಿಸುತ್ತಾರೆ. ಖಾಸಗಿಯಲ್ಲಿ ಈ ಔಷಧಕ್ಕೆ ಸಾವಿರಾರು ರೂಪಾಯಿ. ಬೆಂಗಳೂರಿಗೆ ಓಡುವ ಐದಾರು ತಾಸಿನಲ್ಲಿ ಸಾಯುವ ಹೃದಯದ ಸ್ನಾಯುವನ್ನು ಊರ ಹತ್ತಿರವೇ ಉಳಿಸುವ ಈ ಏರ್ಪಾಡು, ನಮ್ಮ ಅಭಿಪ್ರಾಯದಲ್ಲಿ, ಈ ಅವಧಿಯ ಅತ್ಯಂತ ವಿವೇಕದ ಯೋಜನೆ. ದೊಡ್ಡ ಕಾಯಿಲೆಗೆ ದೊಡ್ಡ ಊರೇ ಬೇಕೆಂಬ ನಂಬಿಕೆಯನ್ನು ಅದು ಮುರಿಯಿತು.

ಸೋತದ್ದು

ಇನ್ನು ಸೋಲಿನ ಲೆಕ್ಕ. ಬಯಲುಸೀಮೆಯಲ್ಲಿ 30,000 ಜನಕ್ಕೆ, ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕೆಂಬುದು ರಾಷ್ಟ್ರೀಯ ಮಾನದಂಡ. ಅದರ ಕೆಳಗೆ ಉಪಕೇಂದ್ರ, ಮೇಲೆ ಸಮುದಾಯ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆ. 1946ರ ಭೋರ್ ಸಮಿತಿಯ ಕಾಲದಿಂದ ಬಂದ ಆಲೋಚನೆ ಇದು: ಹತ್ತಿರದ ಕೇಂದ್ರದಲ್ಲಿ ಬಹುಪಾಲು ಕಾಯಿಲೆ ವಾಸಿಯಾಗಬೇಕು, ಆಗದ್ದು ಮಾತ್ರ ಮೇಲಕ್ಕೆ ಹೋಗಬೇಕು. ನಕ್ಷೆ ಚೆನ್ನಾಗಿದೆ. ಆದರೆ ಬಹುಪಾಲು ಕೇಂದ್ರಗಳು ಸಂಜೆ ನಾಲ್ಕೂವರೆಗೆಲ್ಲ ಬೀಗ ಹಾಕಿಕೊಳ್ಳುತ್ತವೆ. ಕೂಲಿಗೆ, ಗಾರ್ಮೆಂಟ್ಸಿಗೆ, ಹೊಲಕ್ಕೆ ಹೋದವರು ಮನೆ ಸೇರುವುದೇ ಆಮೇಲೆ. ಒಂದು ದಿನದ ಕೂಲಿ ಬಿಟ್ಟು ಹೋದರೆ ಡಾಕ್ಟರು ಮೀಟಿಂಗಿಗೆ ಹೋಗಿರುತ್ತಾರೆ. ಡಾಕ್ಟರು ಸಿಕ್ಕರೆ ಔಷಧ ಹೊರಗೆ ತೆಗೆದುಕೊಳ್ಳಿ ಎನ್ನುವ ಚೀಟಿ. ಎರಡು ಸಲ ಹೀಗಾದವರು ಮೂರನೆಯ ಸಲ ಆ ಮೆಟ್ಟಿಲು ಹತ್ತುವುದಿಲ್ಲ.

ಅವರು ಹೋಗುವುದು ಎರಡು ಕಡೆಗೆ. ಒಂದು, ರಾತ್ರಿ ಹತ್ತರವರೆಗೆ ತೆರೆದಿರುವ ಮೆಡಿಕಲ್ ಶಾಪು ಮತ್ತು ‘ಒಂದು ಸೂಜಿ ಹಾಕಿ, ಗ್ಲೂಕೋಸ್ ಏರಿಸಿ’ ಕಳಿಸುವ, ಪದವಿಯಿಲ್ಲದ ಡಾಕ್ಟರು. ನೆಗಡಿಗೆ ಆಂಟಿಬಯಾಟಿಕ್ ಕೇಳಿ ತೆಗೆದುಕೊಳ್ಳುವ ಚಟ ಬೆಳೆದಿದ್ದು ಹೀಗೆ. ನೆಗಡಿ ವೈರಸ್ಸಿನಿಂದ ಬರುತ್ತದೆ, ಆಂಟಿಬಯಾಟಿಕ್ ಅದನ್ನು ಮುಟ್ಟುವುದೂ ಇಲ್ಲ. ಪ್ರಬಲ ಆಂಟಿಬಯಾಟಿಕ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದು, ಮಾರಿದ್ದಕ್ಕೆ ಲೆಕ್ಕ ಇಡಬೇಕು ಎಂಬ ಎಚ್-1 ಪಟ್ಟಿಯ ನಿಯಮ 2014ರಿಂದ ಇದೆ. ಅಂಗಡಿಯ ಕಟ್ಟೆಯ ಮೇಲೆ ಅದು ಎಷ್ಟು ಪಾಲನೆಯಾಗುತ್ತಿದೆ ಎಂಬುದನ್ನು ಎಲ್ಲರೂ ಕಂಡಿದ್ದೇವೆ. ಎರಡನೆಯ ದಾರಿ ನೇರವಾಗಿ ದೊಡ್ಡಾಸ್ಪತ್ರೆ. ಬೆಂಗಳೂರಿನ ವಿಕ್ಟೋರಿಯಾ, ಮೈಸೂರಿನ ಕೆ.ಆರ್., ಹುಬ್ಬಳ್ಳಿಯ ಕಿಮ್ಸ್ (ಈಗಿನ ಕೆ.ಎಂ.ಸಿ.ಆರ್.ಐ.), ಮಂಗಳೂರಿನ ವೆನ್ಲಾಕ್. ಅಲ್ಲಿನ ವೈದ್ಯರು ಸಣ್ಣ ಕಾಯಿಲೆಗಳ ಜಂಗುಳಿಯಲ್ಲಿ ದೊಡ್ಡ ಕಾಯಿಲೆಯನ್ನು ಹುಡುಕಬೇಕಾಗಿದೆ.

ನಗರದ ಕತೆಯೂ ಇದಕ್ಕಿಂತ ಬೇರೆಯಾಗಿರಲಿಲ್ಲ. ಹಳ್ಳಿಗಿದ್ದ ಉಪಕೇಂದ್ರದಂಥದ್ದು ಕೊಳೆಗೇರಿಗೆ ಇರಲಿಲ್ಲ. 438 ‘ನಮ್ಮ ಕ್ಲಿನಿಕ್’ಗಳ ಯೋಜನೆ ಆ ಕೊರತೆಯನ್ನು ಗುರುತಿಸಿತು. ಒಬ್ಬ ವೈದ್ಯ, ಒಬ್ಬ ಶುಶ್ರೂಷಕಿ, ಒಬ್ಬ ಲ್ಯಾಬ್ ಟೆಕ್ನಿಷಿಯನ್, ಉಚಿತ ತಪಾಸಣೆ, ಉಚಿತ ಔಷಧ. ಸರಿಯಾಗಿ ನಡೆದ ಕಡೆ ಬಡಾವಣೆಯ ಜನ ಅಲ್ಲಿಗೇ ಹೋಗುತ್ತಾರೆ. ವೈದ್ಯರು ನಿಲ್ಲದ ಕಡೆ ಬೋರ್ಡು ಮಾತ್ರ ಉಳಿಯುತ್ತದೆ.

2018ರ ‘ಆರೋಗ್ಯ ಕರ್ನಾಟಕ’ ಮತ್ತು ನಂತರ ಅದರೊಡನೆ ಸೇರಿದ ಆಯುಷ್ಮಾನ್ ಭಾರತ್, ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ಕೊಟ್ಟವು. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದಿದ್ದರೆ ಶಿಫಾರಸು ಪತ್ರ ಪಡೆದು ಖಾಸಗಿಗೆ ಹೋಗಬೇಕು, ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗೆ ಮಾತ್ರ ನೇರವಾಗಿ ಹೋಗಬಹುದು ಎಂದು ನಿಯಮ. ಆಶಯ ಒಳ್ಳೆಯದೇ. ಆದರೆ ಆ ಪತ್ರ ಹಣ ಮಂಜೂರಿನ ಕಾಗದವಾಗಿ ಉಳಿಯಿತು. ರೋಗಿಗೆ ಏನಾಗಿದೆ, ಏನು ಕೊಟ್ಟಿದ್ದೇವೆ, ಎಲ್ಲಿ ಹಾಸಿಗೆ ಖಾಲಿಯಿದೆ ಎಂಬ ಮಾಹಿತಿ ಅದರ ಜೊತೆ ಹೋಗಲಿಲ್ಲ. ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಬೆಂಗಳೂರಿಗೆ ಕಾಗದ ಹಿಡಿದು ಅಲೆಯುವ ಕುಟುಂಬಕ್ಕೆ ಮುಂದಿನ ಆಸ್ಪತ್ರೆಯಲ್ಲಿ ಮತ್ತೆ ಮೊದಲಿನಿಂದ ಕತೆ ಹೇಳಬೇಕಾಗುತ್ತದೆ.

ದೂರವೂ ಕೊಲ್ಲುತ್ತದೆ. 2022ರ ಜುಲೈನಲ್ಲಿ ಹೊನ್ನಾವರದಿಂದ ಉಡುಪಿ ಕಡೆಗೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ಉತ್ತರ ಕನ್ನಡಕ್ಕೆ ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಆಗ ರಾಜ್ಯವಿಡೀ ಕೇಳಿಸಿತು. ತಮ್ಮ ಜಿಲ್ಲೆಯಲ್ಲಿ ಸಿಗದ ಚಿಕಿತ್ಸೆಗಾಗಿ ಮಣಿಪಾಲ, ಮಂಗಳೂರು, ಗೋವಾ ಎಂದು ಓಡುವವರಿಗೆ ‘ಸರಿಯಾದ ಆಸ್ಪತ್ರೆ ಆರಿಸಿಕೊಳ್ಳಿ’ ಎಂದು ಉಪದೇಶ ಮಾಡುವ ಹಕ್ಕು ಯಾರಿಗೂ ಇಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ತಾಂತ್ರಿಕ ದೋಷದಿಂದ 108ರ ಕರೆ ಸ್ವೀಕಾರವೇ ಏರುಪೇರಾಗಿ, ಇಡೀ ರಾಜ್ಯ ಒಂದೇ ಸಂಖ್ಯೆಯನ್ನು ನೆಚ್ಚಿಕೊಂಡಾಗ ಅದಕ್ಕೊಂದು ಪರ್ಯಾಯವೂ ಸಿದ್ಧವಿರಬೇಕೆಂಬ ಪಾಠ ಸಿಕ್ಕಿತು.

ಕೋವಿಡ್ ಕಾಲ ಇದೆಲ್ಲದರ ಪರೀಕ್ಷೆಯಾಗಿತ್ತು. 2020ರಲ್ಲಿ ಜ್ವರ ಕ್ಲಿನಿಕ್‌ಗಳನ್ನು ತೆರೆದು, ಜ್ವರವಿದ್ದವರನ್ನು ಉಳಿದವರಿಂದ ಬೇರ್ಪಡಿಸಿದ್ದು ನೆರವಾಯಿತು. 2021ರ ಏಪ್ರಿಲ್-ಮೇ ತಿಂಗಳಲ್ಲಿ ಹಾಸಿಗೆಗಾಗಿ ಬೆಂಗಳೂರು ಬೊಬ್ಬಿರಿದಾಗ, ಮನೆಯಲ್ಲೇ ಇರಬಹುದಾದವರು ಹೆದರಿ ಆಸ್ಪತ್ರೆಗೆ ಓಡಿದ್ದರು, ಆಮ್ಲಜನಕ ಕುಸಿಯುತ್ತಿದ್ದವರು ಗೊತ್ತಾಗದೆ ಮನೆಯಲ್ಲಿದ್ದರು. ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡುವ ಆಶಾ ಕಾರ್ಯಕರ್ತೆ, ಹತ್ತಿರದಲ್ಲೇ ಪರೀಕ್ಷಿಸಿ ‘ನೀವು ಮನೆಗೆ, ನೀವು ಆಸ್ಪತ್ರೆಗೆ’ ಎಂದು ವಿಂಗಡಿಸುವ ಕೇಂದ್ರ ಇದ್ದ ಕಡೆ ಜೀವಗಳು ಉಳಿದವು. ಆ ವಿಂಗಡಣೆಯನ್ನು ಸಾಂಕ್ರಾಮಿಕದ ಜೊತೆಗೇ ನಿಲ್ಲಿಸಿಬಿಟ್ಟೆವು. ಅದನ್ನು ನಿತ್ಯದ ವ್ಯವಸ್ಥೆಯಾಗಿ ಉಳಿಸಿಕೊಳ್ಳಬೇಕಿತ್ತು.

ಮನೆಯವರು ತಿಳಿದಿರಬೇಕಾದ್ದು

ವ್ಯವಸ್ಥೆ ಸರಿಹೋಗುವವರೆಗೆ ಕಾಯಿಲೆ ಕಾಯುವುದಿಲ್ಲ. ಆದ್ದರಿಂದ ಪ್ರತಿ ಮನೆಯೂ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಬಿಡಿಸಿ ಹೇಳುತ್ತೇವೆ.

ಮನೆಯಲ್ಲೇ ನಿಭಾಯಿಸಬಹುದಾದ್ದು: ಮೂಗು ಸೋರುವ ನೆಗಡಿ, ಸಾಮಾನ್ಯ ಕೆಮ್ಮು, ಮೈಕೈ ನೋವು, ಸಣ್ಣ ತರಚು ಗಾಯ. ನೆಗಡಿ ಒಂದು ವಾರ, ಹತ್ತು ದಿನದಲ್ಲಿ ತಾನಾಗಿ ಹೋಗುತ್ತದೆ. ವಾಂತಿ-ಭೇದಿಗೆ ಮೊದಲ ಮದ್ದು ಓ.ಆರ್.ಎಸ್. ಪೊಟ್ಟಣ ಸಿಗದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. 1971ರ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದಾಗ ಡಾ. ದಿಲೀಪ್ ಮಹಾಲನಬಿಸ್ ಡ್ರಮ್ಮುಗಳಲ್ಲಿ ಕಲಸಿ ಕುಡಿಸಿ ಸಾವಿರಾರು ಜೀವ ಉಳಿಸಿದ್ದು ಇಂಥದೇ ದ್ರಾವಣದಿಂದ. ಗ್ಲೂಕೋಸ್ ಬಾಟಲಿ ಏರಿಸಿಕೊಂಡರಷ್ಟೇ ಚಿಕಿತ್ಸೆ ಎಂಬ ನಂಬಿಕೆ ಹೋಗಬೇಕು.

ಹತ್ತಿರದ ಕೇಂದ್ರಕ್ಕೆ ಹೋಗಬೇಕಾದ್ದು: ಎರಡು-ಮೂರು ದಿನಕ್ಕೂ ಬಿಡದ ಜ್ವರ, ಉರಿಮೂತ್ರ, ಕೀವು ತುಂಬಿದ ಗಾಯ, ಎರಡು ವಾರ ಮೀರಿದ ಕೆಮ್ಮು, ಬಿ.ಪಿ., ಸಕ್ಕರೆ ಕಾಯಿಲೆಯ ತಪಾಸಣೆ. ಕೆಮ್ಮಿಗೆ ಕ್ಷಯದ ಕಫ ಪರೀಕ್ಷೆ ಅಲ್ಲಿ ಉಚಿತ. ನಾಯಿ ಕಚ್ಚಿದರೆ ಹರಿಯುವ ನೀರು, ಸೋಪಿನಿಂದ 15 ನಿಮಿಷ ತೊಳೆದು ಅದೇ ದಿನ ಲಸಿಕೆ ಹಾಕಿಸಬೇಕು. ರಕ್ತ ಬಂದ ಕಡಿತಕ್ಕೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು. ಸುಣ್ಣ, ಅರಿಶಿನ, ಮೆಣಸಿನ ಪುಡಿ ಹಚ್ಚಬಾರದು. ರೇಬಿಸ್ ಲಕ್ಷಣ ಕಂಡ ಮೇಲೆ ಬದುಕಿಸುವ ಮದ್ದಿಲ್ಲ. ಡೆಂಗಿ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ ಸಾಕು, ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಜ್ವರ ಇಳಿದಾಗ ಗೆದ್ದೆವೆಂದುಕೊಳ್ಳಬಾರದು. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ ಕಾಣಿಸಿಕೊಳ್ಳುವುದು ಆ ಹೊತ್ತಿನಲ್ಲೇ, ಆಗ ತಡಮಾಡದೆ ಆಸ್ಪತ್ರೆ ಸೇರಬೇಕು.

108 ಕರೆಯಲೇಬೇಕಾದ್ದು: ಬೆವರಿನೊಂದಿಗೆ ಎದೆ ಹಿಂಡುವ ನೋವು, ಅದು ಎಡಗೈಗೋ ದವಡೆಗೋ ಹರಡುವುದು. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ ನೋವಿಲ್ಲದೆ ಬರೀ ಸುಸ್ತು, ಏದುಸಿರು ಇರಬಹುದು. ಮುಖ ಒಂದು ಕಡೆ ಸೊಟ್ಟಗಾಗಿ, ಒಂದು ಕೈ ಸೋತು, ಮಾತು ತೊದಲಿದರೆ ಅದು ಲಕ್ವ. ಎಣ್ಣೆ ತಿಕ್ಕುತ್ತ ಕೂರಬಾರದು. ಹೆಪ್ಪು ಕರಗಿಸುವ ಮದ್ದಿಗೆ ನಾಲ್ಕೂವರೆ ಗಂಟೆಯ ಗಡುವು, ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು. ಹಾಗಾಗಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಬೇಕು. ಹಾವು ಕಚ್ಚಿದರೆ ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ಮಂತ್ರಕ್ಕೆ ಹೊತ್ತು ಕಳೆಯಬೇಡಿ. ಕಟ್ಟುಹಾವು ರಾತ್ರಿ ಮಲಗಿದವರನ್ನು ಕಚ್ಚಿದರೆ ಗುರುತೂ ಕಾಣದು, ನೋವೂ ಆಗದು. ಬೆಳಗ್ಗೆ ರೆಪ್ಪೆ ಜೋತುಬಿದ್ದರೆ ಅದೇ ಸೂಚನೆ. ಕರ್ನಾಟಕ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಹಳ್ಳಿಗಳ ಬಹುಕಾಲದ ನೋವಿಗೆ ಸಿಕ್ಕ ಮನ್ನಣೆ ಅದು. ಗರ್ಭಿಣಿಗೆ ರಕ್ತಸ್ರಾವ, ಫಿಟ್ಸ್, ಕಣ್ಣು ಮಂಜಾಗುವ ತಲೆನೋವು, ಯಾರಿಗೇ ಆಗಲಿ ಪ್ರಜ್ಞೆ ತಪ್ಪುವುದು, ಐದು ನಿಮಿಷ ಮೀರಿದ ಫಿಟ್ಸ್, ವಿಷ ಸೇವನೆ, ನಿಲ್ಲದ ರಕ್ತ, ಇವುಗಳಿಗೂ ಅಷ್ಟೇ ಆತುರ ಬೇಕು.

ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಕಾಯುವ ಮಾತೇ ಇಲ್ಲ. ಅದಕ್ಕಿಂತ ದೊಡ್ಡ ಮಕ್ಕಳ ಉಸಿರನ್ನು ಒಂದು ನಿಮಿಷ ಎಣಿಸಿ. ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚಿದ್ದರೆ ನ್ಯುಮೋನಿಯಾ ಇರಬಹುದು. ಹಾಲು ಕುಡಿಯದಿದ್ದರೆ, ಕುಡಿದದ್ದೆಲ್ಲ ಕಕ್ಕಿದರೆ, ಎಬ್ಬಿಸಿದರೂ ಏಳದೆ ಮಂಪರಿನಲ್ಲಿದ್ದರೆ ಒಡನೆಯೇ ಆಸ್ಪತ್ರೆಗೆ.

ಮುಂದೆ ಆಗಬೇಕಾದ್ದು

ಈ ತಿಳಿವಳಿಕೆ ಮನೆಗೆ ಮುಟ್ಟಿದರೂ, ಹತ್ತಿರದ ಬಾಗಿಲು ತೆರೆದಿರದಿದ್ದರೆ ಅದು ವ್ಯರ್ಥ. ಆದ್ದರಿಂದ ನಮ್ಮ ಮೊದಲ ಒತ್ತಾಯ, ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ನಮ್ಮ ಕ್ಲಿನಿಕ್‌ಗಳು ದುಡಿಯುವವರ ಹೊತ್ತಿಗೆ, ಅಂದರೆ ಸಂಜೆಯೂ ತೆರೆದಿರಬೇಕು. ವೈದ್ಯರ ಖಾಲಿ ಹುದ್ದೆ ತುಂಬಬೇಕು, ಅವರು ಅಲ್ಲಿ ನಿಲ್ಲುವಂಥ ವಸತಿ ಮತ್ತು ಭದ್ರತೆ ಕೊಡಬೇಕು. ಬಿ.ಪಿ., ಸಕ್ಕರೆಯ ಮಾತ್ರೆ ಒಂದು ದಿನವೂ ಮುಗಿಯಬಾರದು.

ಎರಡನೆಯದು, ಕೇಳಿ ತಿಳಿಯುವ ದಾರಿ. 104ಕ್ಕೆ ಕರೆ ಮಾಡಿದವರ ಎದೆನೋವನ್ನು ಕೇಳಿದ ಸಿಬ್ಬಂದಿ ಅದೇ ಕರೆಯಲ್ಲಿ 108 ಕಳಿಸುವಂತಾಗಬೇಕು. 108ಕ್ಕೆ ಕರೆ ಮಾಡಿದ ಸಾಮಾನ್ಯ ಜ್ವರದವರನ್ನು 104ರ ವೈದ್ಯರಿಗೆ ದಾಟಿಸುವಂತಾಗಬೇಕು. ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಹಾವಿನ ವಿಷಕ್ಕೆ ಮದ್ದು ಎಲ್ಲಿದೆ, ಸಿ.ಟಿ. ಸ್ಕ್ಯಾನ್ ಎಲ್ಲಿದೆ, ಹೃದಯ ಜ್ಯೋತಿ ಯಾವ ಆಸ್ಪತ್ರೆಯಲ್ಲಿದೆ, ರಾತ್ರಿ ಹೆರಿಗೆ ಎಲ್ಲಿ ಆಗುತ್ತದೆ ಎಂಬುದನ್ನು ದಪ್ಪಕ್ಷರದಲ್ಲಿ ಬರೆಸಬೇಕು.

ಮೂರನೆಯದು, ಈ ವ್ಯವಸ್ಥೆಯನ್ನು ಹೊತ್ತವರ ಬದುಕು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಆಶಾ ಕಾರ್ಯಕರ್ತೆಯರು ಚಳಿಯಲ್ಲಿ ಕೂತು ಗೌರವಧನ ಕೇಳಬೇಕಾಯಿತು. 108ರ ಸಿಬ್ಬಂದಿ ಬಾಕಿ ವೇತನಕ್ಕಾಗಿ ಮತ್ತೆ ಮತ್ತೆ ಮುಷ್ಕರದ ಮಾತಾಡಬೇಕಾಯಿತು. ಯಾವ ನೋವಿಗೆ ಎಲ್ಲಿಗೆ ಹೋಗಬೇಕೆಂದು ಬಡವರಿಗೆ ಮೊದಲು ಹೇಳುವವರು ಇವರೇ. ಇವರ ಸಂಬಳ ತಡವಾಗುವುದೆಂದರೆ ರೋಗಿ ಆಸ್ಪತ್ರೆ ಸೇರುವುದು ತಡವಾಗುವುದೆಂದೇ ಅರ್ಥ.

ಇಷ್ಟು ವರ್ಷ ನಾವು ಯೋಜನೆಗಳನ್ನು ಎಣಿಸಿದೆವು, ವಾಹನಗಳನ್ನು ಎಣಿಸಿದೆವು, ಉದ್ಘಾಟನೆಗಳನ್ನು ಎಣಿಸಿದೆವು. ಇನ್ನು ಮುಂದೆ ಹೊತ್ತನ್ನು ಎಣಿಸೋಣ. ಎದೆನೋವು ಶುರುವಾದಾಗಿನಿಂದ ಇ.ಸಿ.ಜಿ. ಆಗುವವರೆಗೆ ಎಷ್ಟು ನಿಮಿಷ, ಹಾವು ಕಚ್ಚಿದಾಗಿನಿಂದ ಮದ್ದು ಸಿಗುವವರೆಗೆ ಎಷ್ಟು ಗಂಟೆ, ಜ್ವರದ ಮಗುವನ್ನು ಎತ್ತಿಕೊಂಡ ತಾಯಿ ವೈದ್ಯರನ್ನು ಕಾಣಲು ಎಷ್ಟು ದೂರ ನಡೆಯಬೇಕಾಯಿತು. ಈ ಲೆಕ್ಕವನ್ನು ಸರ್ಕಾರ ಪ್ರತಿ ವರ್ಷ ತಾಲ್ಲೂಕುವಾರು ಪ್ರಕಟಿಸಲಿ. ಗ್ರಾಮಸಭೆಯಲ್ಲಿ, ವಾರ್ಡ್ ಸಭೆಯಲ್ಲಿ ಜನ ಅದನ್ನು ಎದ್ದು ನಿಂತು ಕೇಳಲಿ. ಆ ಹೊತ್ತು ವರ್ಷದಿಂದ ವರ್ಷಕ್ಕೆ ಕಡಿಮೆಯಾದರೆ ಮಾತ್ರ ನಾವು ಮುಂದೆ ಹೋಗಿದ್ದೇವೆ ಎನ್ನಬಹುದು.